ಉಚ್ಚಂಗಪ್ಪನ ಗರಡಿ ವಿದ್ಯೆ

ಶಿಕಾರಿಪುರದಲ್ಲಿ ಬೆಲ್ಲದ ಅಂಗಡಿ ಇಟ್ಟಿದ್ದ ನನ್ನ ಗೆಳೆಯ ಉಚ್ಚಂಗಪ್ಪ ಕಪಾಳಕ್ಕೆ ಏಟು ತಿಂದದ್ದು ನಯಾಪೈಸೆ ಬಂದ ವರ್ಷ, ಸೊರಬದ ಬಸ್ ಸ್ಟ್ಯಾಂಡಿನಲ್ಲಿ. ಡ್ರೈವರ್ ಪಕ್ಕದ ಸೀಟು ತನ್ನಪ್ಪನ ಆಸ್ತಿ ಎಂದುಕೊಂಡಿದ್ದ ಗೋಪಾಲಪ್ಪ ಎಂಬ ಪುಂಡ, ಅಲ್ಲಿ ಕೂತಿದ್ದ ಇವನನ್ನು ಕೆಳಗೆಳೆದು ಬಾರಿಸಿದ. ಏಟು ಹಾಳಾಗಲಿ, ಅದೇ ಬಸ್ಸಿನಲ್ಲಿ ಜಡೆ ಊರಿನ ಮಲ್ಲಿಕಾರ್ಜುನಪ್ಪನವರಿದ್ದರು. ಅವರ ಮಗಳು ನೀಲಾಂಬಿಕೆಗೂ ಇವನಿಗೂ ಮದುವೆ ಮಾತು ನಡೆದಿತ್ತು. ನಡುವೆ ನಿಂತವನು ನಾನು.

"ತನ್ನ ಮೈ ಕಾಯ್ಕೊಳ್ಳಕ್ಕೆ ಆಗದವ ನನ್ನ ಮಗಳನ್ನ ಏನ್ ಕಾಯ್ತಾನ್ರೀ?" ಎಂದು ಅವರು ನನ್ನನ್ನೇ ಕೇಳಿದರು. "ಮುಂದಿನ ದೀಪಾವಳಿ ತನಕ ನೋಡ್ತೀನಿ. ಅಷ್ಟರಲ್ಲಿ ಗಂಡಸಾಗಲಿ."

ಉಚ್ಚಂಗಪ್ಪ ನನ್ನೆದುರು ಕೂತು ಅತ್ತುಬಿಟ್ಟ. ನೀಲಾಂಬಿಕೆ ಸಿಗದಿದ್ದರೆ ಮದುವೆಯೇ ಬೇಡ ಎಂದ. ಸರಿ, ಯಾವುದಾದರೂ ವಿದ್ಯೆ ಕಲಿ ಎಂದೆ.

ದೊಣ್ಣೆವರಸೆ ಬೇಡವಾಯಿತು. ಬಸ್ಸಿನಲ್ಲಿ ದೊಣ್ಣೆ ಹಿಡಿದು ಕೂತರೆ ಜನ ದನ ಕಾಯುವವನೆಂದಾರು. ಬರಿಗೈ ವಿದ್ಯೆಯೇ ಆಗಬೇಕು. ಮಿಲಿಟರಿಯಿಂದ ಬಂದಿದ್ದ ಜಯಪ್ಪ ಬಾಕ್ಸಿಂಗ್ ಕಲಿಸಲು ಒಪ್ಪಿ ಮನೆಗೇ ಬಂದ. ಮೂಗಿಗೊಂದು ಗುದ್ದು, ಗದ್ದಕ್ಕೊಂದು ಗುದ್ದು, ಕೆಲಸ ಮುಗಿಯಿತು ಎಂದ. ನನಗೆ ಅದೇ ಸರಿ ಕಂಡಿತ್ತು. ಆದರೆ ಎದ್ದು ಹೊರಡುವಾಗ, ದಿನಾ ಎರಡು ಮೊಟ್ಟೆ ತಿನ್ನಬೇಕು ಎಂದುಬಿಟ್ಟ.

ಕೊರಳಲ್ಲಿ ಲಿಂಗ ಕಟ್ಟಿದ ಮನೆ ಅದು. ಉಚ್ಚಂಗಪ್ಪನ ತಾಯಿ ತಾಯಮ್ಮ ಅಡುಗೆಮನೆಯಿಂದ ಹೊರಗೆ ಬಂದರು.

"ಮೊಟ್ಟಿ ತಿಂದು ಗೆಲ್ಲೋದಕ್ಕಿಂತ ಹಾಲು ಕುಡಿದು ಒದಿ ತಿನ್ನೋದು ವಾಸಿ," ಎಂದರು.

ಗರಡಿಮನೆಯ ವಸ್ತಾದ್ ಹನುಮಂತಪ್ಪ ಹೇಳಿದ ಆಹಾರ ಹಾಲು, ತುಪ್ಪ, ಬಾದಾಮಿ. ಹೀಗೆ ತಾಯಮ್ಮನ ಅಡುಗೆಮನೆ ಮಗನಿಗೆ ಕುಸ್ತಿಯನ್ನು ಆರಿಸಿತು. ವರ್ಷ ತುಂಬುವುದರೊಳಗೆ ಅವನ ಅಂಗಿಗಳೆಲ್ಲ ಬಿಗಿಯಾದವು. ವಸ್ತಾದರು ಪಟ್ಟುಗಳಿಗಿಂತ ಹೆಚ್ಚಾಗಿ ರೀತಿ ಕಲಿಸಿದರು. ಮಣ್ಣಿಗೆ ನಮಸ್ಕರಿಸದೆ, ಎದುರಾಳಿಯ ಕೈ ಕುಲುಕದೆ ಮೈ ಮುಟ್ಟಿದವನು ಪೈಲ್ವಾನನಲ್ಲ, ಕಳ್ಳ. ಉಚ್ಚಂಗಪ್ಪ ಅದನ್ನು ವಚನದಂತೆ ಕಲಿತ.

ದೀಪಾವಳಿಯ ಬಟ್ಟೆಗೆಂದು ಮಲ್ಲಿಕಾರ್ಜುನಪ್ಪನವರು ಹೆಂಡತಿ ಮಹಾದೇವಮ್ಮನನ್ನೂ ಮಗಳನ್ನೂ ಕರೆದುಕೊಂಡು ಸೊರಬಕ್ಕೆ ಬಂದಿದ್ದರು. ಅವರು ಜಡೆಗೆ ವಾಪಸಾಗುವ ಬಸ್ಸಿಗೇ ನಾನು ಉಚ್ಚಂಗಪ್ಪನನ್ನು ಹತ್ತಿಸಿ ನಾನೂ ಹತ್ತಿದೆ, ಬೇಕೆಂದೇ ಅವನನ್ನು ಡ್ರೈವರ್ ಪಕ್ಕದ ಆ ಸೀಟಿನಲ್ಲಿ ಕೂರಿಸಿದೆ. ಗೋಪಾಲಪ್ಪ ಬಂದು "ಏಳಲೇ" ಎಂದ.

ಉಚ್ಚಂಗಪ್ಪ ಎದ್ದು ಕೆಳಗಿಳಿದ. ಅಂಗಿ ಬಿಚ್ಚಿ ಮಡಿಸಿಟ್ಟ. ಸ್ಟ್ಯಾಂಡಿನ ಮಣ್ಣು ಚಿಟಿಕೆ ತೆಗೆದು ಹಣೆಗೆ ಮುಟ್ಟಿಸಿಕೊಂಡ. ಆ ತೋಳು, ಆ ಎದೆ ನೋಡಿ ಗೋಪಾಲಪ್ಪ ಒಂದು ಹೆಜ್ಜೆ ಹಿಂದೆ ಸರಿದದ್ದು ನಿಜ. ಆಗಲೇ ಕೈ ಹಾಕಿದ್ದರೆ ಮುಗಿಯುತ್ತಿತ್ತು. ನಮ್ಮ ಪೈಲ್ವಾನ ಬಲಗೈ ಮುಂದೆ ಚಾಚಿ, ಕುಲುಕಲಿ ಎಂದು ಕಾಯುತ್ತ ನಿಂತ. ಗೋಪಾಲಪ್ಪ ಆ ಕೈಯನ್ನು ನೋಡಿದ, ಕಪಾಳಕ್ಕೆ ಬಾರಿಸಿದ, ಹತ್ತಿ ಕೂತ. ಹೊತ್ತಾಯಿತೆಂದು ಡ್ರೈವರ್ ಬಸ್ಸು ಬಿಟ್ಟ. ಕಿಟಕಿಯಿಂದ ನೋಡಿದರೆ ಪುಣ್ಯಾತ್ಮ ಇನ್ನೂ ಕೈ ಚಾಚಿಕೊಂಡೇ ಇದ್ದಾನೆ. ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಮದುವೆ ಮಾತು ಉಳಿಸಿಕೊಳ್ಳಲು ನಾನು ಅದೇ ಬಸ್ಸಿನಲ್ಲಿ ಜಡೆಯವರೆಗೂ ಹೋದೆ.

"ಈ ಸಂಬಂಧ ಬೇಡ," ಎಂದರು ಮಲ್ಲಿಕಾರ್ಜುನಪ್ಪನವರು. "ಹೊಡೆಯೋ ಹೊತ್ತಲ್ಲಿ ಕೈ ಕುಲುಕಕ್ಕೆ ಹೋಗೋನು ಗಂಡಸೇನ್ರೀ?"

ಕಾಫಿ ತಂದ ನೀಲಾಂಬಿಕೆ ಲೋಟ ಇಟ್ಟು ಅಲ್ಲೇ ನಿಂತಳು.

"ನಂಗೆ ಅವರೇ ಆಗಬೇಕು ಅಪ್ಪಯ್ಯ."

"ಏನ್ ಕಂಡು?"

"ಕೈ ಎತ್ತೋ ಮುಂಚೆ ಎದುರಿನವರನ್ನ ಕೇಳ್ತಾರಲ್ಲ, ಅದನ್ನ ಕಂಡು. ಅಮ್ಮನ್ನ ನೀವು ಒಂದಿನನೂ ಕೇಳಿದ್ದಿಲ್ಲ."

ಬಾಗಿಲ ಬಳಿಯಿದ್ದ ಮಹಾದೇವಮ್ಮ ತಲೆ ತಗ್ಗಿಸಿದರು. ಮಲ್ಲಿಕಾರ್ಜುನಪ್ಪನವರು ಕಾಫಿ ಮುಗಿಸಿ ಲೋಟ ಕೆಳಗಿಟ್ಟರು. ಆಮೇಲೆ ಹೆಂಡತಿಯ ಕಡೆ ತಿರುಗಿದರು.

"ಪಂಚಾಂಗ ತಂದುಕೊಡ್ತೀಯಾ?" ಎಂದು ಕೇಳಿದರು.