ಮುಚ್ಚಿದ ಲಕೋಟೆಯ ನಡೆ

ಮೂವತ್ತೆರಡು ವರ್ಷ ತಿಬಿಲಿಸಿ ನಗರದ ಚದುರಂಗ ಮನೆಯಲ್ಲಿ ತೀರ್ಪುಗಾರನಾಗಿದ್ದವನು ನಾನು, ಶಾಲ್ವಾ. ನಿಯಮದ ವಿಷಯದಲ್ಲಿ ನನ್ನದು ಬಲು ಕಟ್ಟುನಿಟ್ಟು. ಯಾರಾದರೂ ಕೆಮ್ಮಿದರೂ ನಿಯಮದ ಪುಸ್ತಕ ತಿರುವಿ ಹಾಕುತ್ತಾನೆ ಎಂದು ಆಟಗಾರರು ಬೆನ್ನ ಹಿಂದೆ ನಗುತ್ತಿದ್ದರು. ನಗಲಿ. ಅಷ್ಟೂ ವರ್ಷಗಳಲ್ಲಿ ನಾನು ಗೊತ್ತಿದ್ದೂ ಮುರಿದದ್ದು ಒಂದೇ ನಿಯಮ, ಅದೂ ಗೆಳೆಯ ವರ್ಲಾಮನನ್ನು ಮಣ್ಣು ಮಾಡಿದ ಸಂಜೆ.

ವರ್ಲಾಮ್ ತನ್ನ ಮಗಳು ಲಾಮಾರಾಳಿಗೆ ಐದನೇ ವಯಸ್ಸಿನಲ್ಲಿ ಆಟ ಕಲಿಸಿದ. ಅವಳು ದೇಶಕ್ಕೇ ಮೊದಲಿಗಳಾದ ಮೇಲೂ ಅವನೆದುರು ಒಂದು ಆಟವನ್ನೂ ಗೆಲ್ಲಲಿಲ್ಲ. ಹುಟ್ಟುಹಬ್ಬದ ದಿನವೂ ಅವನು ಬಿಟ್ಟುಕೊಟ್ಟವನಲ್ಲ. ಗೆದ್ದೊಡನೆ ಅವಳ ಕೈ ಹಿಡಿದು ಎರಡು ಸಲ ಜೋರಾಗಿ ಕುಲುಕುತ್ತಿದ್ದ. ಅವನ ಹಳೆಯ ಪೆನ್ನು ಸದಾ ಸೋರುತ್ತಿತ್ತು; ಬೆರಳೆಲ್ಲ ನೇರಳೆ ಶಾಯಿ. ನಮ್ಮಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಚದುರಂಗದ ಪೆಟ್ಟಿಗೆಯನ್ನೂ ಜೊತೆಗೆ ಕೊಡುತ್ತಾರೆ. ವರ್ಲಾಮ್ ಕೊಟ್ಟದ್ದು ತಾನೇ ಕೆತ್ತಿದ ಕಾಯಿಗಳನ್ನು. ಅವುಗಳಿಂದ ಆಡುವಾಗ ತನ್ನ ಕುದುರೆಗಳನ್ನು ತನ್ನ ಕಡೆಗೇ ತಿರುಗಿಸಿ ಇಡುತ್ತಿದ್ದ. ನನ್ನ ಕುದುರೆ ನನ್ನ ಮುಖ ನೋಡಲಿ ಎನ್ನುತ್ತಿದ್ದ.

ಅವರ ಕೊನೆಯ ಆಟ ಅವನ ಹಾಸಿಗೆಯ ಪಕ್ಕದಲ್ಲಿ ನಡೆಯಿತು. ನಾನು ಕುರ್ಚಿ ಎಳೆದುಕೊಂಡು ಕೂತಿದ್ದೆ. ಅರ್ಧದಲ್ಲಿ ವರ್ಲಾಮನಿಗೆ ಆಯಾಸವಾಯಿತು, ಆಟ ನಿಲ್ಲಿಸಿದೆವು. ಹಾಗೆ ನಿಲ್ಲಿಸಿದಾಗ ಸರದಿ ಯಾರದೋ ಅವರು ಮುಂದಿನ ನಡೆಯನ್ನು ಯಾರಿಗೂ ತೋರಿಸದೆ ಕಾಗದದಲ್ಲಿ ಬರೆದು, ಲಕೋಟೆಯಲ್ಲಿ ಮುಚ್ಚಿ, ಸಹಿ ಹಾಕಿ ತೀರ್ಪುಗಾರನಿಗೆ ಕೊಡಬೇಕು. ಆಟ ಮತ್ತೆ ಶುರುವಾಗುವಾಗ ಅದನ್ನು ಒಡೆಯುತ್ತೇವೆ. ಒಳಗೆ ಖಾಲಿ ಕಾಗದವಿದ್ದರೆ ಇಟ್ಟವನು ಸೋತ ಹಾಗೆ. ವರ್ಲಾಮ್ ಲಕೋಟೆ ಕೊಟ್ಟ, ಮೂರನೇ ದಿನ ತೀರಿಕೊಂಡ.

ಅದನ್ನು ಒಡೆಯಲು ಲಾಮಾರಾ ಬಿಡಲಿಲ್ಲ. ಒಡೆಯುವವರೆಗೆ ಅಪ್ಪನಿಗೆ ಇನ್ನೊಂದು ನಡೆ ಉಳಿದಿರುತ್ತದೆ ಎಂದಳು. ಆದರೆ ಅದೇ ಅವಳನ್ನು ಹನ್ನೊಂದು ವರ್ಷ ಕೊರೆಯಿತು. ಆ ಸ್ಥಿತಿಯಲ್ಲಿ ವರ್ಲಾಮನಿಗೆ ಗೆಲುವು ತರುವ ನಡೆ ಒಂದೇ ಇತ್ತು: ಆನೆಯನ್ನು ಸುಮ್ಮನೆ ಬಲಿ ಕೊಡುವುದು. ಬೇರೇನು ಆಡಿದರೂ ಗೆಲುವು ಅವಳದು. ಅಪ್ಪನಿಗೆ ಅದು ಕಾಣಲೇ ಇಲ್ಲವೆಂದರೆ ಅವಳು ಒಪ್ಪಿಕೊಳ್ಳುತ್ತಿದ್ದಳು. ಕಂಡೂ ಬಿಟ್ಟುಕೊಟ್ಟಿದ್ದರೆ? ಸಾಯುವ ಮನುಷ್ಯ ಮಗಳಿಗೆ ಕನಿಕರ ತೋರಿಸಿದ್ದರೆ? ಅದನ್ನು ನೆನೆದರೇ ಅವಳ ಮುಖ ಕಪ್ಪಿಡುತ್ತಿತ್ತು.

ನನಗೆ ಉತ್ತರ ಗೊತ್ತಿತ್ತು. ಮಣ್ಣು ಮಾಡಿ ಬಂದ ಸಂಜೆ, ಗೆಳೆಯನ ಅಕ್ಷರ ಒಮ್ಮೆ ನೋಡೋಣವೆಂಬ ಹುಚ್ಚಿಗೆ ಲಕೋಟೆ ಒಡೆದಿದ್ದೆ. ಕಾಗದ ಖಾಲಿಯಾಗಿತ್ತು. ಹರಿದ ಲಕೋಟೆಯನ್ನು ಒಲೆಗೆ ಹಾಕಿ, ಕಾಗದವನ್ನು ಹೊಸದರಲ್ಲಿಟ್ಟು ಅಂಟಿಸಿ, ವರ್ಲಾಮನ ಸಹಿಯನ್ನು ನಾನೇ ಹಾಕಿದೆ. ಅದನ್ನು ಚದುರಂಗ ಮನೆಯ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದೆ, ಯಾರಿಗೂ ಹೇಳಲಿಲ್ಲ.

ಹನ್ನೊಂದನೇ ವರ್ಷ ಕಂಪ್ಯೂಟರ್‌ನವರು ತಮ್ಮ ಚದುರಂಗ ಆಡುವ ಯಂತ್ರವನ್ನು ಲಾಮಾರಾಳ ಎದುರು ಆಡಿಸಲು ಬಂದರು. ಅವರ ಕಡೆಯ ಎಂಜಿನಿಯರ್ ಎತೇರಿ, ನನ್ನ ವಯಸ್ಸಿನವಳೇ, ಕೆಲಸ ಬಿಟ್ಟರೆ ಬೇರೆ ಮಾತಿಲ್ಲ. ಪರದೆಯ ಮೇಲೆ ಬಂದ ನಡೆಯನ್ನು ಹಲಗೆಯ ಮೇಲೆ ಆಡಿ ತೋರಿಸುವುದು ಅವಳ ಪಾಲಿನ ಕೆಲಸ. ಅವಳಿಗೆ ಆಟದ ಗಂಧಗಾಳಿ ಇರಲಿಲ್ಲ. ಕಾಯಿಗಳ ಹೆಸರು ಕಲಿತದ್ದೇ ಹಿಂದಿನ ವಾರ. ನಾಲ್ಕು ಆಟದ ಪಂದ್ಯ. ಲಾಮಾರಾ ತನ್ನ ಮದುವೆಯ ಪೆಟ್ಟಿಗೆ ತಂದು, ಆಡಿದರೆ ಇದರ ಮೇಲೇ ಎಂದು ಹಟ ಹಿಡಿದಳು. ಮೂರು ಆಟ ಮುಗಿದಾಗ ಅವಳೂ ಯಂತ್ರವೂ ಸಮ.

ನಾಲ್ಕನೆಯದರಲ್ಲಿ ಹತ್ತನೇ ನಡೆಯ ಹೊತ್ತಿಗೆ ನನಗೆ ಗುರುತು ಸಿಕ್ಕಿತು. ಆ ಹತ್ತು ನಡೆಗಳನ್ನು ನಾನು ಹಾಸಿಗೆಯ ಪಕ್ಕ ಕೂತು ನೋಡಿದ್ದೆ. ಅಷ್ಟರವರೆಗೆ ಬೇಕಾದರೆ ಯಾರೂ ಆಡಿಯಾರು. ಹದಿನೈದಾಯಿತು, ಇಪ್ಪತ್ತಾಯಿತು, ಯಂತ್ರ ವರ್ಲಾಮನ ನಡೆಗಳನ್ನೇ ಆಡುತ್ತಿತ್ತು. ಆ ಆಟವನ್ನು ನಾವು ಯಾರಿಗೂ ತೋರಿಸಿರಲಿಲ್ಲ, ಎಲ್ಲೂ ಅಚ್ಚು ಮಾಡಿಸಿರಲಿಲ್ಲ. ಇಪ್ಪತ್ತಮೂರನೇ ನಡೆಗೆ ಎತೇರಿ ಕುದುರೆ ಎತ್ತಿದಳು. ಪರದೆ ಹೇಳಿದ ಮನೆಯಲ್ಲಿಟ್ಟಳು. ಕೈ ಹಿಂದೆಗೆದುಕೊಳ್ಳುವ ಬದಲು ಎರಡು ಬೆರಳಲ್ಲಿ ಅದರ ಮುಖವನ್ನು ತನ್ನ ಕಡೆಗೆ ತಿರುಗಿಸಿದಳು.

ಚಹಾದ ಬಿಡುವಿನಲ್ಲಿ ಹಾಗೇಕೆ ಮಾಡಿದಿರಿ ಎಂದು ಕೇಳಿದೆ. ತಾನು ಏನೂ ಮಾಡಲಿಲ್ಲವಲ್ಲ ಎಂದು ಅವಳು ಬೆಪ್ಪಾದಳು. ಆಮೇಲೆ ತನ್ನ ಕೈಯನ್ನೇ ನೋಡಿಕೊಂಡಳು.

ಲಾಮಾರಾ ಕಿಟಕಿಯ ಬಳಿ ನಿಂತಿದ್ದಳು. ರೊಟ್ಟಿಯ ತುಂಡಿನ ಮೇಲೆ ಎರಡು ಹನಿ ದ್ರಾಕ್ಷಾರಸ ಸುರಿದು ಸತ್ತವರ ಹೆಸರಲ್ಲಿ ಪಕ್ಕಕ್ಕಿಟ್ಟಿದ್ದಳು. ಬೇರೆ ದಾರಿ ಹಿಡಿ, ಒಂದು ಕಾಲಾಳನ್ನು ಬದಲಿಸಿ ಆಡಿದರೂ ಸಾಕು, ಇದು ತಪ್ಪುತ್ತದೆ ಎಂದು ನಾನು ಪಿಸುಗುಟ್ಟಿದೆ. ಆಟದ ನಡುವೆ ತೀರ್ಪುಗಾರ ಹಾಗೆ ಹೇಳಬಾರದು. ಭಯಕ್ಕೆ ನಿಯಮ ನೆನಪಾಗಲಿಲ್ಲ.

“ತಪ್ಪಿಸ್ಕೊಳ್ಳೋಕೆ ಅಲ್ಲ ಚಿಕ್ಕಪ್ಪ ನಾನು ಕೂತಿರೋದು. ಹನ್ನೊಂದು ವರ್ಷ ಆಯ್ತು, ಆ ಒಂದು ನಡೆ ನೋಡ್ಬೇಕು ನಂಗೆ” ಎಂದಳು.

ಐದು ಗಂಟೆಯ ಅವಧಿ ಮುಗಿದಾಗ ಹಲಗೆಯ ಮೇಲೆ ವರ್ಲಾಮ್ ಲಕೋಟೆ ಕೊಟ್ಟಾಗಿನ ಅದೇ ಸ್ಥಿತಿ. ಸರದಿ ಯಂತ್ರದ್ದು. ಆಟ ನಿಲ್ಲಿಸಿದೆ. ಎತೇರಿ ಪರದೆ ನೋಡಿ ಕಪ್ಪು ಬಾಲ್‌ಪೆನ್ನಿನಲ್ಲಿ ನಡೆ ಬರೆದಳು. ಏನು ಬರೆದಳೆಂದು ಕಾಣಲಿಲ್ಲ, ಬರೆದದ್ದನ್ನು ಕಣ್ಣಾರೆ ಕಂಡೆ. ಲಕೋಟೆ ಮುಚ್ಚಿ ಸಹಿ ಹಾಕಿ ಕೊಟ್ಟಳು. ಅದನ್ನು ಕಬ್ಬಿಣದ ಬೀರುವಿನಲ್ಲಿ, ವರ್ಲಾಮನ ಲಕೋಟೆಯ ಮೇಲೆಯೇ ಇಟ್ಟೆ. ಬೀಗದ ಕೈ ನನ್ನ ಜೇಬಿನಲ್ಲಿತ್ತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ನಾವು ಮೂವರೇ ಮೇಜಿನ ಬಳಿ ಇದ್ದೆವು; ನೋಡುವವರನ್ನು ಇನ್ನೂ ಒಳಗೆ ಬಿಟ್ಟಿರಲಿಲ್ಲ. ಯಂತ್ರದ ಲಕೋಟೆ ಒಡೆದೆ. ಕಾಗದ ಖಾಲಿ. ಹಿಂದುಮುಂದು ತಿರುಗಿಸಿದೆ, ಬೆಳಕಿಗೆ ಹಿಡಿದೆ. ಪೆನ್ನು ಒತ್ತಿದ ಗುರುತೂ ಇರಲಿಲ್ಲ.

ಎತೇರಿ ಕಾಗದವನ್ನು ನನ್ನ ಕೈಯಿಂದ ಕಿತ್ತು ನೋಡಿದಳು. “ನಾನು ಬರ್ದಿದ್ದೀನಿ ಸ್ವಾಮಿ. ಆನೆ ಹೊಡೆಸ್ಕೊಳ್ಳೋ ನಡೆ ಅದು, ಯಂತ್ರ ಕೆಟ್ಟಿದೆಯೇನೋ ಅಂತ ಎರಡು ಸಲ ನೋಡಿ ಬರ್ದೆ.”

ಲಾಮಾರಾ ನನ್ನತ್ತ ತಿರುಗಿ ಅಪ್ಪನದನ್ನು ತೆಗೆಯಲು ಹೇಳಿದಳು. ಇನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ.

“ಬೇಡ ಮಗಳೇ. ಅದ್ರಲ್ಲೂ ಏನಿಲ್ಲ. ಮಣ್ಣು ಮಾಡಿದ ದಿನಾನೇ ಒಡೆದು ನೋಡ್ದೆ. ಖಾಲಿ ಕಾಗದ. ಮೇಲಿರೋ ಸಹಿ ನಂದು.”

ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

“ಅಂದ್ರೆ ಅಪ್ಪ ಬಿಟ್ಟುಕೊಟ್ರು” ಎಂದಳು. ಬೀರುವಿನತ್ತ ಕೈ ತೋರಿಸಿದಳು. “ಆದ್ರೂ ಒಡೀರಿ. ನನ್ನ ಕಣ್ಣಲ್ಲೇ ನೋಡ್ತೀನಿ.”

ಒಡೆದೆ. ಅಂಟು ನಾನು ಹಾಕಿದ್ದೇ, ಸಹಿಯೂ ನಾನು ತಡವರಿಸಿ ಹಾಕಿದ್ದೇ, ಯಾರೂ ಮುಟ್ಟಿರಲಿಲ್ಲ. ಒಳಗಿನ ಕಾಗದ ಹಳದಿಯಾಗಿತ್ತು. ಅದರ ನಡುವೆ ವರ್ಲಾಮನ ಓರೆ ಅಕ್ಷರದಲ್ಲಿ ಒಂದು ನಡೆ ಇತ್ತು: ಆನೆಯ ಬಲಿ. ಶಾಯಿ ನೇರಳೆ. ನನ್ನ ಹೆಬ್ಬೆರಳು ತಾಗಿ ಕೊನೆಯ ಅಂಕಿ ಕದಡಿತು. ಅದು ಇನ್ನೂ ಹಸಿಯಾಗಿತ್ತು.

ಕಾಗದವನ್ನು ಲಾಮಾರಾಳ ಮುಂದಿಟ್ಟೆ. ಎತೇರಿ ಗೋಡೆಗೆ ಒರಗಿದಳು. ಲಾಮಾರಾ ಮಾತ್ರ ಕಾಗದವನ್ನು ಮೂರು ಸಲ ಓದಿದಳು. ಅವಳ ಮುಖ ಅರಳಿದ್ದನ್ನು ಹನ್ನೊಂದು ವರ್ಷದ ಮೇಲೆ ಕಂಡೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅವಳು ನಗುತ್ತಿದ್ದಳು.

ಅವಳು ಹಲಗೆಯ ಮುಂದೆ ಕೂತು ಅಪ್ಪನ ಆನೆಯನ್ನು ತಾನೇ ನಡೆಸಿದಳು. ಗಡಿಯಾರ ಒತ್ತಿದಳು. ಉತ್ತರವಿಲ್ಲವೆಂದು ಗೊತ್ತಿದ್ದರೂ ಕಾಲು ಗಂಟೆ ಹುಡುಕಿದಳು, ಅಪ್ಪನೆದುರು ಅವಳು ಬೇಗ ಸೋಲೊಪ್ಪಿದವಳಲ್ಲ. ಕೊನೆಗೆ ಗಡಿಯಾರ ನಿಲ್ಲಿಸಿ, ಸೋತವರು ಮಾಡುವಂತೆ, ಎದುರಿನ ಖಾಲಿ ಕುರ್ಚಿಯತ್ತ ಕೈ ಚಾಚಿದಳು.

ಆ ಕೈ ಎರಡು ಸಲ ಜೋರಾಗಿ ಕುಲುಕಿತು. ಅವಳ ಭುಜದವರೆಗೂ ಅಲುಗಿತು.

ನಿಯಮದ ಪ್ರಕಾರ ಖಾಲಿ ಕಾಗದ ಇಟ್ಟ ಯಂತ್ರ ಸೋತಿತ್ತು, ಫಲಿತಾಂಶದ ಹಾಳೆಯಲ್ಲಿ ಹಾಗೆಯೇ ಬರೆದೆ. ಹೊರಗಿನ ಜನ ಒಳನುಗ್ಗಿ ಲಾಮಾರಾಳಿಗೆ ಹೂವು ಕೊಟ್ಟರು. ಅವಳು ಎಡಗೈಯಲ್ಲಿ ತೆಗೆದುಕೊಂಡಳು. ಬಲಗೈ ಮುಷ್ಟಿ ಬಿಗಿದೇ ಇತ್ತು. ಮನೆಗೆ ಹೋಗುವಾಗ ಟ್ರಾಮ್ ಕಾಯುತ್ತ ನಿಂತಲ್ಲಿ ಅದನ್ನು ಬಿಡಿಸಿ ನನಗೆ ತೋರಿಸಿದಳು. ಅಂಗೈ ತುಂಬ ನೇರಳೆ ಶಾಯಿ. ಊಟಕ್ಕೆ ಕೂತಾಗಲೂ ಅವಳು ಆ ಕೈ ತೊಳೆಯಲಿಲ್ಲ.