ಹದಿನೈದು ದಿನ ಬಳಸಿ ನೋಡಿದವರು

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು, ಈ ಮೂರು ಊರುಗಳಲ್ಲಿ ಯಾರೇ ಮೊಬೈಲು ಕೊಳ್ಳಲಿ, ಲ್ಯಾಪ್‌ಟಾಪು ಕೊಳ್ಳಲಿ, ಮೊದಲು ಸಿದ್ದಲಿಂಗೇಶನನ್ನು ಒಂದು ಮಾತು ಕೇಳಬೇಕು ಎಂಬ ಸುದ್ದಿ ಎಂಟು ವರ್ಷಗಳಿಂದ ಚಾಲ್ತಿಯಲ್ಲಿತ್ತು. ಈ ಸುದ್ದಿಯನ್ನು ಹಬ್ಬಿಸಿದವರು ಯಾರು ಎಂದು ಹುಡುಕುತ್ತ ಹೋದರೆ ಸಿದ್ದಲಿಂಗೇಶನ ಮನೆಯ ಬಾಗಿಲಿಗೇ ಬಂದು ನಿಲ್ಲಬೇಕಾದೀತು, ಆ ಮಾತು ಬೇರೆ. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಮೊಳಕೆ ಪರೀಕ್ಷೆ ಮಾಡುವುದು ಅವನ ಹೊಟ್ಟೆಪಾಡು. ಅಭಿಪ್ರಾಯ ಕೊಡುವುದು ಅವನ ಚಟ. ‘ಕೊಳ್ಳುವ ಮುನ್ನ’ ಎಂಬ ಅವನ ವಾಟ್ಸ್ಯಾಪ್ ಗುಂಪಿನಲ್ಲಿ ಆರುನೂರು ಜನರಿದ್ದರು, ಅವನು ಬರೆದದ್ದನ್ನು ಆ ಆರುನೂರು ಜನ ಇನ್ನೆಷ್ಟೋ ಜನರಿಗೆ ಕಳಿಸುತ್ತಿದ್ದರು.

ಮೊದಮೊದಲು ಅವನು ನೆಟ್ಟಗೇ ಬರೆಯುತ್ತಿದ್ದ, ಅದನ್ನು ಒಪ್ಪಿಕೊಳ್ಳಬೇಕು. ತನ್ನ ಸ್ವಂತ ದುಡ್ಡಿನಲ್ಲಿ ತಂದ ಕೀಬೋರ್ಡಿನ ಅಕ್ಷರಗಳು ಮೂರೇ ತಿಂಗಳಿಗೆ ಅಳಿಸಿಹೋದಾಗ ಫೋಟೋ ಸಮೇತ ಹಾಕಿದ್ದ. ಕ್ಯಾಮೆರಾ ನೋಡಿ ಮರುಳಾಗಬೇಡಿ, ಬ್ಯಾಟರಿ ಎಷ್ಟು ತಾಸು ಬರುತ್ತದೆ ಕೇಳಿ ಎನ್ನುತ್ತಿದ್ದ. ಪ್ರಿಂಟರು ಅಗ್ಗ ಸಿಕ್ಕಿತೆಂದು ಹಿಗ್ಗಬೇಡಿ, ಅದರ ಶಾಯಿಯ ಬೆಲೆ ವಿಚಾರಿಸಿ ಎನ್ನುತ್ತಿದ್ದ. ಪತ್ರ ಬರೆಯಲು, ಪಟ್ಟಿ ಮಾಡಲು ಪುಕ್ಕಟೆ ಸಿಗುವ ತಂತ್ರಾಂಶವೇ ಸಾಕು, ಅಂಗಡಿಯವನು ದುಬಾರಿಯದನ್ನು ತಲೆಗೆ ಕಟ್ಟಲು ಬಂದರೆ ಎದ್ದು ಬನ್ನಿ ಎಂದು ಬರೆದಾಗ ಮೂರೂ ಊರಿನ ಅಂಗಡಿಯವರು ಅವನ ಮೇಲೆ ಹಲ್ಲು ಕಡಿದಿದ್ದರು.

ಹಾಗೆ ಹಲ್ಲು ಕಡಿದವರಲ್ಲಿ ಹಾವೇರಿಯ ಪ್ರವೀಣಕುಮಾರನೂ ಒಬ್ಬ. ಬಸ್‌ಸ್ಟ್ಯಾಂಡಿನ ಹತ್ತಿರ ಅವನದು ದೊಡ್ಡ ಕಂಪ್ಯೂಟರ್ ಅಂಗಡಿ. ಅವನು ಜಾಣ, ಜಗಳಕ್ಕೆ ಹೋಗದೆ ಒಂದು ದಿನ ಸಿದ್ದಲಿಂಗೇಶನನ್ನು ಕರೆದು ಕೂರಿಸಿ, ಮಿರ್ಚಿ ಮಂಡಕ್ಕಿ ತರಿಸಿ, ನಿಮ್ಮಂಥವರು ಇದನ್ನು ಕಟ್ಟಿಕೊಂಡರೆ ನಮಗೇ ಶೋಭೆ ಎಂದು ಹೊಸ ಸ್ಮಾರ್ಟ್‌ವಾಚೊಂದನ್ನು ಅವನ ಮಣಿಕಟ್ಟಿಗೆ ಕಟ್ಟಿದ. ನಡೆದ ಹೆಜ್ಜೆ, ಮಲಗಿದ ತಾಸು, ಎದೆಬಡಿತ ಎಲ್ಲವನ್ನೂ ಕನ್ನಡದಲ್ಲಿ ಹೇಳುವ ಗಡಿಯಾರ. ಸಿದ್ದಲಿಂಗೇಶ ಬೇಡ ಬೇಡ ಎಂದ. ಬೇಡ ಎನ್ನುತ್ತಲೇ ಕೈ ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಆಮೇಲೆ ಪ್ರವೀಣಕುಮಾರ ಅಗ್ಗದ ಲ್ಯಾಪ್‌ಟಾಪೊಂದನ್ನು ಮುಂದಿಟ್ಟ. ಬೆಳ್ಳಿ ಬಣ್ಣದ್ದು, ತೆಳ್ಳಗೆ ನೋಡಲು ಚೆಂದವಾಗಿತ್ತು. ಇಂಥವು ಬಹಳ ಉಳಿದಿವೆ, ನಿಮಗೆ ಸರಿಕಂಡರೆ ನಾಲ್ಕು ಮಾತು ಬರೆಯಿರಿ ಎಂದ. ಸಿದ್ದಲಿಂಗೇಶ ಅದನ್ನು ತೆರೆದು, ಎರಡು ಗುಂಡಿ ಒತ್ತಿ, ಒಂದು ಹಾಡಿನ ವಿಡಿಯೋ ಓಡಿಸಿದ. ಮಂಡಕ್ಕಿ ಮುಗಿಯುವವರೆಗೆ, ಹೆಚ್ಚೆಂದರೆ ಹತ್ತು ನಿಮಿಷ. ಬಸ್ಸಿನಲ್ಲಿ ಬರುವಾಗಲೇ ಬರೆದು ಮುಗಿಸಿದ. ಓದುವ ಮಕ್ಕಳಿಗೆ, ಮನೆಯಿಂದ ಕೆಲಸ ಮಾಡುವವರಿಗೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದಾದ ಯಂತ್ರ. ಮೆಮೊರಿ ಸಾಲದಿದ್ದರೆ ಮುಂದೆ ಹೆಚ್ಚಿಸಿಕೊಳ್ಳಬಹುದು. ಇದಿಷ್ಟನ್ನು ಅಂಗಡಿಯ ಚೀಟಿ ನೋಡಿ ಬರೆದದ್ದು. ಕೊನೆಯ ಸಾಲು ಮಾತ್ರ ಅವನ ಸ್ವಂತದ್ದು: ‘ನಾನೇ ಹದಿನೈದು ದಿನ ಬಳಸಿ ನೋಡಿ ಈ ಮಾತು ಹೇಳುತ್ತಿದ್ದೇನೆ.’

ಆ ಸಾಲು ಇಲ್ಲದಿದ್ದರೆ ಬರಹಕ್ಕೆ ತೂಕ ಬರುವುದಿಲ್ಲ ಎನ್ನಿಸಿತ್ತು ಅವನಿಗೆ. ಸಂಜೆ ಹೆಂಡತಿ ಸುರೇಖಾ ಮೊಬೈಲಿನಲ್ಲಿ ಅದನ್ನು ಓದಿ, ಒಗ್ಗರಣೆ ಹಾಕುತ್ತಿದ್ದವಳು ತಿರುಗಿ ಕೇಳಿದಳು.

“ಈ ಲ್ಯಾಪ್‌ಟಾಪ್ ನಮ್ಮ ಮನಿಗೆ ಯಾವಾಗ ಬಂದಿತ್ತ್ರಿ?”

ಅವನು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಅವಳು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಒಂದು ವಾರದೊಳಗೆ ಕಂಪನಿಯ ಗಾಡಿ ಓಡಿಸುವ ದಿಲಾವರ ಬಂದು, ಬ್ಯಾಡಗಿಯಲ್ಲಿರುವ ತನ್ನ ಅಕ್ಕ ಮಹಮೂದಾಬೇಗಂ ಮಗಳಿಗಾಗಿ ಅದೇ ಲ್ಯಾಪ್‌ಟಾಪು ತೆಗೆದುಕೊಂಡಳೆಂದು ಖುಷಿಯಿಂದ ಹೇಳಿದ. ಮಹಮೂದಾಬೇಗಂ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸದವಳು. ಮಗಳು ಸಿಮ್ರಾನ ಬಿ.ಕಾಂ. ಮುಗಿಸಿ, ಗಿರಾಕಿಗಳ ಪತ್ರಗಳಿಗೆ ಕನ್ನಡದಲ್ಲೂ ಉರ್ದುವಿನಲ್ಲೂ ಮನೆಯಿಂದಲೇ ಉತ್ತರ ಬರೆಯುವ ಒಂದು ಕೆಲಸಕ್ಕೆ ಅರ್ಜಿ ಹಾಕಿದ್ದಳು. ಅದಕ್ಕೆ ಕ್ಯಾಮೆರಾದ ಮುಂದೆ ಕುಳಿತು ಎರಡು ತಾಸಿನ ಪರೀಕ್ಷೆ ಬರೆಯಬೇಕಿತ್ತು. ತಾನು ಅದರಲ್ಲಿ ಒಂದು ಹಾಡನ್ನಷ್ಟೇ ಓಡಿಸಿ ನೋಡಿದ್ದು ಸಿದ್ದಲಿಂಗೇಶನಿಗೆ ನೆನಪಾಯಿತು. ಆದರೂ ಛಲೋ ಆತು ಎಂದ.

ಮೂರು ತಿಂಗಳ ಮೇಲೆ ಒಂದು ಗುರುವಾರ ಮಧ್ಯಾಹ್ನ ಮಹಮೂದಾಬೇಗಂ ಕಂಪನಿಯ ಗೇಟಿಗೇ ಬಂದಳು. ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ. ಅದರ ತುಂಬ ಅವಳೇ ಕುಟ್ಟಿದ ಖಾರದ ಪುಡಿ. ಬೈಯಲು ಬಂದಿದ್ದಾಳೆ ಎಂದುಕೊಂಡು ಹೋದವನ ಕೈಗೆ ಡಬ್ಬಿ ಕೊಟ್ಟು, ತಾನೇ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ ನಿಂತಳು. ಇಷ್ಟು ಒಳ್ಳೆಯ ಯಂತ್ರ ತೋರಿಸಿಕೊಟ್ಟಿರಿ, ನಮ್ಮ ಹುಡುಗಿಗೆ ಅದನ್ನು ಸರಿಯಾಗಿ ಬಳಸಲು ಬರಲಿಲ್ಲ, ಬೇಜಾರಾಗಬೇಡಿ ಎಂದಳು.

ಆಮೇಲೆ ನಿಧಾನವಾಗಿ ವಿಷಯ ಹೇಳಿದಳು. ಪರೀಕ್ಷೆ ಶುರುವಾಗಿ ನಲವತ್ತು ನಿಮಿಷಕ್ಕೆ ಪರದೆ ಇದ್ದಲ್ಲೇ ನಿಂತುಬಿಟ್ಟಿತು, ಎಷ್ಟು ಒತ್ತಿದರೂ ಅಲುಗಲಿಲ್ಲ, ಪರೀಕ್ಷೆ ತಾನಾಗಿ ಮುಚ್ಚಿಹೋಯಿತು. ಯಂತ್ರ ಕೈಕೊಟ್ಟವರು ಶುಕ್ರವಾರ ಸಂಜೆ ಐದರೊಳಗೆ ಕಾರಣ ಬರೆದು ಕಳಿಸಿದರೆ ಇನ್ನೊಂದು ಅವಕಾಶ ಕೊಡುತ್ತೇವೆ ಎಂದು ಆ ಕಂಪನಿಯವರೇ ಹೇಳಿದ್ದಾರೆ. ಸಿಮ್ರಾನ ಬರೆಯಲು ಒಪ್ಪುತ್ತಿಲ್ಲ.

“ಯಂತ್ರ ಛಲೋ ಐತಿ, ಸರ್ ಹದಿನೈದು ದಿನ ನೋಡ್ಯಾರ, ನಾನ ಏನೋ ತಪ್ಪ ಒತ್ತೇನಿ ಅಂತಾಳ್ರಿ. ಸುಳ್ಳ ಬರದು ನೌಕರಿ ತಗೊಳ್ಳೂದು ಬ್ಯಾಡ ಅಂತಾಳ. ನೀವಾರ ಒಂದ್ ಮಾತ್ ಹೇಳ್ರಿ ಸರ್.”

ಭೂಮಿ ಬಾಯಿಬಿಡಬಾರದೇ ಎನ್ನಿಸುವುದು ಇಂಥ ಹೊತ್ತಿನಲ್ಲೇ. ಇದ್ದದ್ದನ್ನು ಇದ್ದಂತೆ ಹೇಳಿಬಿಡೋಣ ಎಂದುಕೊಂಡ. ಆದರೆ ಗೇಟಿನ ವಾಚ್‌ಮನ್ ಅಲ್ಲೇ ನಿಂತಿದ್ದ, ದಿಲಾವರ ಗಾಡಿ ತೊಳೆಯುತ್ತಿದ್ದ. ಸಿದ್ದಲಿಂಗೇಶ ಮೆಸೇಜು ಮಾಡುತ್ತೇನೆ ಎಂದು ಹೇಳಿ ಅವಳನ್ನು ಸಾಗಹಾಕಿದ. ಡಬ್ಬಿಯನ್ನು ಮಾತ್ರ ತೆಗೆದುಕೊಂಡು ಒಳಗೆ ಹೋದ.

ಮೆಸೇಜನ್ನೂ ಮಾಡಿದ. ಕೆಲವೊಮ್ಮೆ ಯಂತ್ರಗಳಲ್ಲಿ ಇಂಥ ತೊಂದರೆಗಳು ಬರುವುದುಂಟು, ಯಂತ್ರದ ದೋಷ ಎಂದೇ ಬರೆದು ಕಳಿಸು, ತಪ್ಪೇನಿಲ್ಲ ಎಂದು, ತನ್ನ ಮೈಗೆ ಏನೂ ಅಂಟದಂತೆ. ಶುಕ್ರವಾರ ಬೆಳಿಗ್ಗೆ ಸಿಮ್ರಾನಳ ಉತ್ತರ ಬಂತು. ‘ಯಾವ ದೋಷ ಎಂದು ಬರೆಯಲಿ ಸರ್? ನಿಮ್ಮ ಬರಹವನ್ನು ಮತ್ತೆ ಓದಿದೆ, ಅದರಲ್ಲಿ ದೋಷ ಏನೂ ಇಲ್ಲವಲ್ಲ.’

ಅದನ್ನು ಓದಿ ಮೊಬೈಲನ್ನು ಮಗುಚಿಟ್ಟು ಅವನು ಕೆಲಸಕ್ಕೆ ಕುಳಿತ. ಅಂದು ಗೋವಿನಜೋಳದ ಒಂದು ಲಾಟಿನ ಏಳನೆಯ ದಿನ. ಒದ್ದೆ ಕಾಗದದ ಸುರುಳಿಗಳನ್ನು ಬಿಚ್ಚಿ ನಾನೂರು ಕಾಳುಗಳಲ್ಲಿ ಎಷ್ಟು ಮೊಳಕೆಯೊಡೆದಿವೆ ಎಂದು ಎಣಿಸಬೇಕು, ಆಮೇಲೆ ಚೀಟಿಗೆ ಸಹಿ ಹಾಕಬೇಕು. ಹೋದ ವರ್ಷ ಮುಂಗಾರಿನ ಗಡಿಬಿಡಿಯಲ್ಲಿ ಮ್ಯಾನೇಜರು, ಬೀಜ ನೋಡಲು ಚೆನ್ನಾಗಿಯೇ ಇದೆ, ಐದನೆಯ ದಿನಕ್ಕೇ ಸಹಿ ಹಾಕಿಬಿಡಿ ಎಂದಾಗ ಸಿದ್ದಲಿಂಗೇಶ ಇಡೀ ಆಫೀಸು ಕೇಳುವಂತೆ ಕೂಗಾಡಿದ್ದ. ಏಳು ದಿನ ಎಂದರೆ ಏಳು ದಿನ, ಇದನ್ನು ನಂಬಿ ರೈತ ಹೊಲಕ್ಕೆ ಹಾಕುತ್ತಾನೆ, ನನ್ನ ಸಹಿ ಪುಕ್ಕಟೆ ಬಿದ್ದಿಲ್ಲ ಎಂದಿದ್ದ. ಆ ಕೂಗಾಟದ ಕಥೆಯನ್ನು ಅವನೇ ಎಷ್ಟೋ ಸಲ ಎಷ್ಟೋ ಜನರಿಗೆ ಹೇಳಿಕೊಂಡಿದ್ದ. ಈಗ ಎರಡನೆಯ ಸುರುಳಿ ಬಿಚ್ಚುವಾಗ ಅದು ನೆನಪಾಗಿ ಮುಖ ಮೈಯೆಲ್ಲ ಬಿಸಿಯಾಯಿತು. ಎಣಿಕೆ ತಪ್ಪಿತು. ಮತ್ತೆ ಎಣಿಸಿದ, ಮತ್ತೆ ತಪ್ಪಿತು.

ಹನ್ನೆರಡಕ್ಕೆ ಎಣಿಕೆಯನ್ನು ಜೊತೆಯವನಿಗೆ ಒಪ್ಪಿಸಿ, ಅರ್ಧ ದಿನದ ರಜೆ ಬರೆದುಕೊಟ್ಟು ಮನೆಗೆ ಹೋದ. ತನ್ನ ಸ್ವಂತ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿದ. ಹಳೆಯದು, ಭಾರದ್ದು, ಆದರೆ ಐದು ವರ್ಷದಲ್ಲಿ ಒಮ್ಮೆಯೂ ನಿಂತದ್ದಿಲ್ಲ. ಎಲ್ಲಿಗೆ ಎಂದು ಕೇಳಿದ ಸುರೇಖಾಳಿಗೆ ಎಲ್ಲವನ್ನೂ ಹೇಳಿದ. ಅವಳು ಬುತ್ತಿಯ ಜೊತೆಗೆ ಖಾರದ ಪುಡಿಯ ಡಬ್ಬಿಯನ್ನೂ ಚೀಲದಲ್ಲಿಟ್ಟು, ಇದನ್ನು ಒಯ್ದು ಕೊಟ್ಟು ಬನ್ನಿ, ನಮಗೆ ಇದು ದಕ್ಕುವುದಲ್ಲ ಎಂದಳು.

ಬ್ಯಾಡಗಿಯ ಬಸ್ಸು ಮೋಟೆಬೆನ್ನೂರಿನಲ್ಲಿ ಬಹಳ ಹೊತ್ತು ನಿಂತಿತು. ಇಳಿದು ಓಡಿಹೋಗೋಣ ಎಂದು ಅವನಿಗೆ ಎರಡು ಸಲ ಅನ್ನಿಸಿತು. ಮಹಮೂದಾಬೇಗಂ ಕೆಲಸ ಮಾಡುವ ತಗಡಿನ ಶೆಡ್ಡನ್ನು ಹುಡುಕಿಕೊಂಡು ಹೋದಾಗ ಮೂರು ದಾಟಿತ್ತು. ಒಳಗೆ ಹದಿನೈದಿಪ್ಪತ್ತು ಹೆಂಗಸರು ಸಾಲಾಗಿ ಕುಳಿತು ತೊಟ್ಟು ಬಿಡಿಸುತ್ತಿದ್ದರು. ಕಾಲಿಟ್ಟ ಕೂಡಲೇ ಘಾಟು ಮೂಗಿಗೆ ಹೊಡೆದು ಸೀನು ಬಂತು. ತಾಯಿಯ ಪಕ್ಕದಲ್ಲಿ ಸಿಮ್ರಾನಳೂ ಕುಳಿತಿದ್ದಳು. ಪರೀಕ್ಷೆ ಹೋದ ಮರುದಿನದಿಂದ ಅವಳೂ ಇಲ್ಲಿಗೇ ಬರುತ್ತಿದ್ದಾಳೆ, ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿ ಮೇಲಿಟ್ಟಿದ್ದಾಳೆ ಎಂದು ತಾಯಿ ಹೇಳಿದಳು.

ಅವನಿಗೆ ಕೂರಲು ಒಂದು ಗೋಣಿಚೀಲ ಹಾಸಿದರು. ಕುಳಿತ. ಮಾತು ಶುರು ಮಾಡುವಷ್ಟರಲ್ಲಿ ಮಣಿಕಟ್ಟು ಗುಂಯ್‌ಗುಟ್ಟಿತು. ನಿಮ್ಮ ಎದೆಬಡಿತ ಹೆಚ್ಚಾಗಿದೆ, ದೀರ್ಘವಾಗಿ ಉಸಿರೆಳೆದುಕೊಳ್ಳಿ ಎಂದು ಗಡಿಯಾರ ಸಲಹೆ ಕೊಟ್ಟಿತು. ಆ ಘಾಟಿನಲ್ಲಿ ದೀರ್ಘವಾಗಿ ಉಸಿರೆಳೆದವನು ಬದುಕುತ್ತಾನೆಯೇ? ಅವನು ಗಡಿಯಾರ ಬಿಚ್ಚಿ ಜೇಬಿಗೆ ತುರುಕಿದ.

“ಸಿಮ್ರಾನ, ತಪ್ಪು ನಿಂದಲ್ಲವ್ವ. ನಾ ಅದನ್ನ ಹದಿನೈದು ದಿನ ಬಳಸಿಲ್ಲ. ಹಾವೇರಿ ಅಂಗಡ್ಯಾಗ ಮಂಡಕ್ಕಿ ತಿನಕೋತ ಹತ್ತ ನಿಮಿಷ ನೋಡೀನಿ, ಅಷ್ಟ. ಅವರು ನನಗ ಪುಕ್ಕಟೆ ವಾಚ್ ಕೊಟ್ಟಿದ್ರು.”

ಅವನು ಯಂತ್ರದ ವಿಷಯ ವಿವರಿಸಿದ. ಅದರ ಮೆಮೊರಿ ಬಹಳ ಸಣ್ಣದು, ಕ್ಯಾಮೆರಾ ಮತ್ತು ಪರೀಕ್ಷೆ ಎರಡನ್ನೂ ಒಟ್ಟಿಗೆ ಎಳೆಯುವ ತ್ರಾಣ ಅದಕ್ಕಿಲ್ಲ. ಹೆಚ್ಚಿಸಿಕೊಳ್ಳಬಹುದು ಎಂದದ್ದೂ ಸುಳ್ಳು, ಅದನ್ನು ಒಳಗೇ ಬೆಸುಗೆ ಹಾಕಿಬಿಟ್ಟಿರುತ್ತಾರೆ. ನಿನ್ನೆ ರಾತ್ರಿ ಅದೇ ಯಂತ್ರ ಕೊಂಡವರ ದೂರುಗಳನ್ನು ಹುಡುಕಿ ಓದಿದ್ದೇನೆ, ಮೂರು ತಿಂಗಳ ಹಿಂದೆಯೇ ಓದಬೇಕಿತ್ತು ಎಂದ. ಅವಳು ಎಲ್ಲವನ್ನೂ ಕೇಳಿಸಿಕೊಂಡು ಕೆಂಪಾದ ತನ್ನ ಬೆರಳುಗಳನ್ನೇ ನೋಡುತ್ತ ಕುಳಿತಳು. ಕಣ್ಣಲ್ಲಿ ನೀರು ತುಂಬಿತು. ಖಾರದ ಕೈ, ಒರೆಸಿಕೊಳ್ಳುವಂತಿಲ್ಲ.

“ಇಪ್ಪತ್ತು ದಿವಸ ಆತ್ರಿ ಸರ್, ನಾನ ದಡ್ಡಿ ಅಂತ ನನ್ನ ನಾನ ಬೈಕೊಂಡು ಕುಂತೇನಿ,” ಎಂದಳು.

ಸಿದ್ದಲಿಂಗೇಶ ತನ್ನ ಲ್ಯಾಪ್‌ಟಾಪು ತೆರೆದು ಅವಳ ಮುಂದಿಟ್ಟ. ಕೈ ತೊಳೆದರೂ ಉರಿ ಹೋಗುವುದಿಲ್ಲ, ನೀವೇ ಬರೆಯಿರಿ, ನಾನು ಹೇಳುತ್ತೇನೆ ಎಂದಳು ಅವಳು. ಅವಳು ಹೇಳಿದಂತೆಯೇ ಅವನು ಬರೆದ. ಯಂತ್ರ ಈ ಪರೀಕ್ಷೆಗೆ ತಕ್ಕದ್ದಾಗಿರಲಿಲ್ಲ. ಬಳಸದೆಯೇ ಬಳಸಿದ್ದೇನೆ ಎಂದು ಬರೆದ ಒಬ್ಬರ ಅಭಿಪ್ರಾಯ ನಂಬಿ ಅದನ್ನು ಕೊಂಡಿದ್ದೆ. ಆ ಒಬ್ಬರು ಎಂಬಲ್ಲಿ ಅವನು ತಡೆದ. ಅವಳು ಸುಮ್ಮನೆ ಕಾದಳು. ಅವನು ತನ್ನ ಹೆಸರು, ಊರು ಎರಡನ್ನೂ ಸೇರಿಸಿದ. ನಾಲ್ಕೂವರೆಗೆ ಪತ್ರ ಹೋಯಿತು. ಮರುಪರೀಕ್ಷೆ ಮುಗಿಯುವವರೆಗೆ ತನ್ನ ಲ್ಯಾಪ್‌ಟಾಪು ಅವಳ ಹತ್ತಿರವೇ ಇರಲಿ ಎಂದ. ಅವಳು ಬೇಡ ಎನ್ನಲಿಲ್ಲ, ಉಪಕಾರ ಎಂದೂ ಹೇಳಲಿಲ್ಲ.

ಇನ್ನು ಏಳಬಹುದು ಎಂದುಕೊಂಡು ಅವನು ಡಬ್ಬಿಯನ್ನು ಮಹಮೂದಾಬೇಗಂಳ ಮುಂದೆ ಇಟ್ಟ. ಅವಳು ಡಬ್ಬಿಯ ಕಡೆ ನೋಡಲಿಲ್ಲ. ಇಷ್ಟು ಹೊತ್ತೂ ತೊಟ್ಟು ಬಿಡಿಸುತ್ತಿದ್ದವಳು ಈಗ ಕೈ ನಿಲ್ಲಿಸಿದಳು. ಬೈದಾಳು, ಬೈದು ಬಿಟ್ಟಾಳು ಎಂದು ಅವನು ಆಸೆಯಿಂದಲೇ ಕಾದ.

“ಸರ್, ಅಗೋ ಆ ತುದಿಗೆ ಬಸವಣ್ಣೆವ್ವ ಕುಂತಾಳ ನೋಡ್ರಿ, ಮೊಮ್ಮಗಳಿಗೆ ಅದನ್ನ ಕೊಡಿಸ್ಯಾಳ. ಇನ್ನೂ ಮೂರು ಮಂದಿ ಇಲ್ಲೇ ಅದಾರ. ಅವರ್ಯಾರೂ ನಿಮ್ಮ ಬರಹ ಓದಿಲ್ರಿ, ಅವರಿಗೆ ಓದಾಕ ಬರಂಗಿಲ್ಲ. ನಾನ ಹೇಳೇನಿ. ನನ್ನ ಮಾತ್ ನಂಬಿ ತಗೊಂಡಾರ.”

ಅವಳ ದನಿ ಏರಲಿಲ್ಲ. ದಿನ ಬೆಳಗಾದರೆ ಈ ಹೆಂಗಸರ ನಡುವೆ ಕೂರಬೇಕಾದವಳು ಅವಳು. ತನ್ನ ಸುಳ್ಳು ಆರುನೂರು ಮೊಬೈಲುಗಳಲ್ಲಿದೆ, ಮನೆಗೆ ಹೋಗಿ ಗುಂಪಿನಲ್ಲಿ ಕ್ಷಮೆ ಕೇಳಿದರೆ ಮುಗಿಯಿತು ಎಂದು ಅವನು ಲೆಕ್ಕ ಹಾಕಿಕೊಂಡಿದ್ದ. ಅದು ಇವಳ ಬಾಯಲ್ಲಿ ಇವಳ ಮಾತಾಗಿ, ಓದು ಬಾರದವರ ಮನೆಗಳನ್ನೂ ಹೊಕ್ಕು ಕುಳಿತಿರಬಹುದು ಎಂಬುದು ಅವನ ತಲೆಗೇ ಹೊಳೆದಿರಲಿಲ್ಲ. ಇಷ್ಟು ನಾಚಿಕೆ ಅವನಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಮಹಮೂದಾಬೇಗಂ ಎದ್ದು ನಿಂತು, ಕೆಲಸ ಬಿಟ್ಟು ಎಲ್ಲರೂ ಸ್ವಲ್ಪ ಇತ್ತ ಬನ್ನಿ, ರಾಣೆಬೆನ್ನೂರಿನ ಸರ್ ಒಂದು ಮಾತು ಹೇಳುತ್ತಾರಂತೆ ಎಂದು ಕರೆದಳು. ಹೆಂಗಸರು ಸೀರೆ ಕೊಡವಿಕೊಂಡು ಎದ್ದು ಬಂದು ಸುತ್ತ ನಿಂತರು. ಬಸವಣ್ಣೆವ್ವ ಎಲ್ಲರಿಗಿಂತ ಮುಂದೆ ಬಂದಳು. ಆ ಲ್ಯಾಪ್‌ಟಾಪು ಆರಿಸಿದ ಸರ್ ಇವರೇ ಎಂದು ತಿಳಿದು ಮುದುಕಿಗೆ ಬಹಳ ಸಂತೋಷವಾಗಿತ್ತು. ಅವನಿಗೆ ಎರಡೂ ಕೈ ಎತ್ತಿ ಮುಗಿದಳು.

ಸಿದ್ದಲಿಂಗೇಶ ಆ ಕೈಗಳನ್ನು ಹಿಡಿದು ಕೆಳಗಿಳಿಸಿದ.

“ಕೈ ಮುಗೀಬ್ಯಾಡ್ರೆವ್ವ,” ಎಂದ. “ನಾ ಅದನ್ನ ಹತ್ತ ನಿಮಿಷ ನೋಡೀನಿ, ಅಷ್ಟ.”