ಆಚೆ ದಡ

"ಇಲ್ಲ, ಆಚೆ ದಡ ನನಗೆ ಕಾಣಿಸ್ತಿಲ್ಲ" ಎಂದ ಜೆವೀದ್, ಹಣೆಗೆ ಕೈ ಅಡ್ಡ ಹಿಡಿದು.

ಅವನ ಅಕ್ಕ ಕೋಮಿಶ್‌ಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಆರು ವರ್ಷದ ಹಿಂದೆ ಅವಳ ಗಂಡ ಇದೇ ಕೆರೆಯಲ್ಲಿ ದೋಣಿ ಮಗುಚಿ ಮುಳುಗಿದ್ದ, ಹೆಣ ಸಿಗಲಿಲ್ಲ. ಯೆಹೂದಿ ಶಾಸ್ತ್ರದ ಪ್ರಕಾರ, ನಿಂತಲ್ಲಿಂದ ನಾಲ್ಕು ದಡವೂ ಕಾಣುವ ನೀರಾದರೆ ಅವಳು ವಿಧವೆ, ಮತ್ತೆ ಮದುವೆಯಾಗಬಹುದು. ಕಾಣದಿದ್ದರೆ ಅವನು ಎಲ್ಲೋ ದಡ ಸೇರಿ ಬದುಕಿರಬಹುದು. ಅವಳು ಸಾಯುವತನಕ ಅವನ ಹೆಂಡತಿಯೇ. ಈ ಕೆರೆ ಯಾವ ಬಗೆಯದೆಂದು ಪುಂಬೆದಿತ ಊರಿನ ಗುರುಕುಲದಲ್ಲಿ ವಾದ ನಡೆದೂ ನಡೆದೂ, ಕೊನೆಗೆ ಇಂದು ಹಿರಿಯರೇ ಕೆರೆ ನೋಡಲು ಬಂದು ನಿಂತಿದ್ದರು.

ದಡ ಕಾಣುತ್ತದೆಂದು ಮೂರು ವರ್ಷ ಗಂಟಲು ಹರಿದುಕೊಂಡವನು ಜೆವೀದನೇ. ಅಕ್ಕ ಬಡಿಸಿದ ಬೇಳೆಗೆ ರೊಟ್ಟಿ ಅದ್ದುತ್ತ, "ಗುರುಕುಲದಲ್ಲಿ ನಾಲ್ಕನೇ ಸಾಲಲ್ಲಿ ಕೂತವನ ಮಾತು ಯಾರು ಕೇಳ್ತಾರಕ್ಕ? ದೊಡ್ಡವರು ಕೂರೋ ಮೊದಲನೇ ಸಾಲಿಗೆ ಹೋಗ್ತೀನಿ ತಾಳು, ನಿನ್ನ ಬಿಡಿಸ್ತೀನಿ" ಎನ್ನುತ್ತಿದ್ದ. ತನ್ನನ್ನು ಮದುವೆಯಾಗಲು ಕಾದಿದ್ದ ಕುಂಬಾರ ರಾಮಿಗೂ ಅವಳು ಅದನ್ನೇ ಹೇಳಿ ತಡೆದಿದ್ದಳು. ಹೋದ ವಾರ ಗುರುಗಳು ಅವನನ್ನು ಮೊದಲ ಸಾಲಿಗೆ ಕರೆದು ಕೂರಿಸಿಕೊಂಡರು. ಜೊಂಡು ಅಡ್ಡ ಇದೆ, ದಡ ಕಾಣದು ಎಂಬುದು ಆ ಗುರುಗಳ ಹಳೆಯ ಹಟ. ಕಣ್ಣಿಗೆ ಪೊರೆ ಬಂದು ಅವರಿಗೆ ತಮ್ಮ ಕೋಲೇ ಸರಿಯಾಗಿ ಕಾಣುತ್ತಿರಲಿಲ್ಲ.

"ವಾದ ಮಾಡಿದ ಜೆವೀದನಿಗೇ ಕಾಣದ ಮೇಲೆ ಇನ್ನೇನು!" ಎಂದು ಗುರುಗಳು ತಲೆದೂಗಿದರು. ಉಳಿದವರು ಕೆರೆ ನೋಡಲಿಲ್ಲ, ಗುರುಗಳ ಮುಖ ನೋಡಿ ತಾವೂ ತೂಗಿದರು. ತೀರ್ಪು ಮುಗಿಯಿತು. ಎಲ್ಲರೂ ಊರ ದಾರಿ ಹಿಡಿದರು.

ಜೆವೀದ್ ಹಿಂದೆ ಉಳಿದ. "ಬೇಜಾರು ಮಾಡ್ಕೋಬೇಡಕ್ಕ. ಶಾಸ್ತ್ರಕ್ಕೆ ಅಕ್ಕ ತಮ್ಮ ಅಂತಿಲ್ಲ ನೋಡು."

ಕೋಮಿಶ್ ಕೆರೆಯ ಕಡೆ ತಿರುಗಿದಳು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಶಾಪ ಹಾಕಿ ಹಗುರಾಗುತ್ತಿದ್ದಳು. ಇವನು ಅವಳು ಎತ್ತಿ ಆಡಿಸಿದವನು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಅಷ್ಟರಲ್ಲಿ ಆಚೆ ದಡದಲ್ಲಿ ಯಾರೋ ಬಟ್ಟೆಗಂಟು ಹೊತ್ತು ನೀರಿಗೆ ಇಳಿದರು.

"ಲೋ, ಯಾರೋ ಅದು ಒಗೆಯೋಕೆ ಬಂದಿರೋದು?" ಎಂದಳು ಕೋಮಿಶ್, ಏನೂ ಆಗದವಳ ಹಾಗೆ.

"ನಮ್ಮ ದೋನಗ್ ಅತ್ತೆ ಅಲ್ವಾ, ಕೆಂಪು ಮುಸುಕು ಹಾಕ್ಕೊಂಡು..." ಎಂದವನು ಅಲ್ಲಿಗೇ ಬಾಯಿ ಮುಚ್ಚಿದ.

ಕೋಮಿಶ್ ಅವನನ್ನೇ ನೋಡಿದಳು. ಅವನು ಹೊಸ ಶಾಲು ಸರಿಮಾಡಿಕೊಳ್ಳುತ್ತ ನೆಲ ನೋಡಿದ.

ಆಚೆ ದಡದಿಂದ ದೋನಗ್ ಅತ್ತೆ ಇಬ್ಬರನ್ನೂ ಗುರುತು ಹಿಡಿದು ಕೈ ಬೀಸುತ್ತಿದ್ದಳು.